ಅವ್ವನ ಹೆಗಲಿನ ಆಪರೇಷನ್: ಪಿಆರ್‌ಪಿ ಹಾಕಿಸಬೇಕೋ ಬೇಡವೋ?

ರೊಟ್ಟಿಮನೆ, ಕಲಬುರಗಿ

ಎಲ್ಲರಿಗೂ ಶರಣು. ಅವಸರದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಅವ್ವನಿಗೆ 58 ವರ್ಷ. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ನನ್ನನ್ನೂ ತಂಗಿಯನ್ನೂ ಓದಿಸಿದವಳು. ಮದುವೆಯ ಹಂಗಾಮಿನಲ್ಲಿ ದಿನಕ್ಕೆ ಇನ್ನೂರು ರೊಟ್ಟಿ ದಾಟುತ್ತದೆ. ಹೋದ ತಿಂಗಳು ನೀರಿನ ಕೊಡ ಹೊತ್ತು ಬರುವಾಗ ಫರಸಿ ಮೆಟ್ಟಿಲ ಮೇಲೆ ಜಾರಿ, ಬಲಗೈ ಊರಿ ಬಿದ್ದಳು. ಅಂದಿನಿಂದ ಕೈ ಎದೆಮಟ್ಟ ದಾಟುತ್ತಿಲ್ಲ. ತಲೆ ಬಾಚಲು ತಂಗಿ ಬೇಕು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎದ್ದು ಕೂರುತ್ತಾಳೆ.

ಹದಿನೈದು ದಿನ ಎಣ್ಣೆ ತಿಕ್ಕಿ ಕಳೆದೆವು. ಆಮೇಲೆ ಎಂಆರ್‌ಐ ಆಯಿತು. ಹೆಗಲಿನ ಮೇಲ್ಭಾಗದ ಸ್ನಾಯುರಜ್ಜು ಪೂರ್ತಿ ಹರಿದು ಸುಮಾರು 3 ಸೆಂಟಿಮೀಟರ್ ಹಿಂದೆ ಸರಿದಿದೆಯಂತೆ. ದುರ್ಬೀನು ಹಾಕಿ ಹೊಲಿಯಬೇಕು ಎಂದಿದ್ದಾರೆ. ಅದಕ್ಕೆ ಒಪ್ಪಿದ್ದೇವೆ. ಗೊಂದಲ ಇರುವುದು ಮುಂದಿನದರಲ್ಲಿ. ಹೊಲಿದ ಮೇಲೆ ಬೇಗ ಕೂಡಿಕೊಳ್ಳಲಿ ಎಂದು ಅವ್ವನದೇ ರಕ್ತ ತೆಗೆದು, ಅದರಲ್ಲಿ ಪ್ಲೇಟ್‌ಲೆಟ್ ಕಣ ದಟ್ಟವಾಗಿರುವ ಭಾಗವಾದ ಪಿಆರ್‌ಪಿ ಹಾಕುತ್ತಾರಂತೆ, ಅದಕ್ಕೆ ಬೇರೆ ದುಡ್ಡು. ಇನ್ನೊಂದು ಊರಿನಲ್ಲಿ ವಿಚಾರಿಸಿದರೆ 'ಸ್ಟೆಮ್ ಸೆಲ್ ಪ್ಯಾಕೇಜ್' ಎಂದರು. ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಮೂಲ ಜೀವಕೋಶವಂತೆ ಅದು. ಅದರ ರೊಕ್ಕ ಆಪರೇಷನ್ನಿಗೇ ಸಮ. ಕೈಗೆ ಕೊಟ್ಟ ಕಾಗದದಲ್ಲಿ ಹರಿದ ಹಗ್ಗ ತಾನೇ ತಾನಾಗಿ ಕೂಡಿಕೊಳ್ಳುವ ಚಿತ್ರ ಇದೆ.

ಯಾರಾದರೂ ಮಾಡಿಸಿದ್ದೀರಾ? ನಿಜವಾಗಿ ಉಪಯೋಗ ಇದೆಯೇ?

ಗಂಜ್ ತಕ್ಕಡಿ, ಕಲಬುರಗಿ

ತಮ್ಮಾ, ನಾನು ಗಂಜಿನಲ್ಲಿ ತೊಗರಿ ಖರೀದಿ ಮಾಡುವವನು. ಚೀಲದ ಬಾಯಿ ಬಿಚ್ಚಿದಾಗ ಮೇಲೆ ಒಳ್ಳೆಯ ಕಾಳು, ಕೆಳಗೆ ಕಸ ಇರುವುದನ್ನು ದಿನಾ ನೋಡುತ್ತೇನೆ. ಈ ರಕ್ತ ತೆಗೆದು ರಕ್ತ ಹಾಕುವುದೂ ಅಂಥದ್ದೇ ಎಂದು ನನ್ನ ಅನುಮಾನ. ನಮ್ಮದೇ ರಕ್ತ, ನಮ್ಮದೇ ಮೈ, ನಡುವೆ ಯಂತ್ರ ತಿರುಗಿಸಿದ್ದಕ್ಕೆ ಸಾವಿರಾರು ರೂಪಾಯಿ.

ಹೊಲಿಗೆ ಹಾಕಿಸಿ, ಉಳಿದ ದುಡ್ಡಿನಲ್ಲಿ ಅವ್ವನಿಗೆ ಹಾಲು, ಮೊಟ್ಟೆ ಕೊಡಿ.

ಭೀಮಾ ದಂಡೆ, ಯಾದಗಿರಿ

ಆಪರೇಷನ್ ಯಾಕೆ? ನಮ್ಮ ಕಡೆ ಒಬ್ಬರು ಎಲುಬು ಕೂಡಿಸುವವರು ಇದ್ದಾರೆ. ನಮ್ಮ ಕಾಕಾನ ಹೆಗಲು ಏಳುತ್ತಿರಲಿಲ್ಲ. ಮೂರು ಅಮಾವಾಸ್ಯೆ ಕಟ್ಟು ಕಟ್ಟಿಸಿಕೊಂಡು ಈಗ ಎತ್ತು ಹೂಡುತ್ತಾರೆ. ನರ ಸರಿದಿರುತ್ತದೆ, ಅಷ್ಟೇ.

ಫಿಸಿಯೋ ಬೀದರ್

ಭೀಮಾ ದಂಡೆಯವರೇ, ನಿಮ್ಮ ಕಾಕಾ ಅವರಿಗೆ ಬಂದಿದ್ದು ಹೆಗಲು ಬಿಗಿಯುವ ಕಾಯಿಲೆ ಆಗಿದ್ದಿರಬಹುದು. ಅದು ತಿಂಗಳುಗಳು ಕಳೆದಂತೆ ತಾನಾಗಿಯೇ ಸಡಿಲವಾಗುವುದುಂಟು. ಹೆಸರು ಅಮಾವಾಸ್ಯೆಗೆ ಬರುತ್ತದೆ. ಇಲ್ಲಿ ವಿಷಯ ಬೇರೆ.

ನಮ್ಮ ಕಡೆ ಎಲ್ಲವನ್ನೂ 'ನರ' ಎನ್ನುವುದು ರೂಢಿ. ನನ್ನ ಬಳಿ ಬರುವ ಹತ್ತರಲ್ಲಿ ಎಂಟು ಜನ 'ನರ ಹರಿದಿದೆ' ಎಂದೇ ಹೇಳುತ್ತಾರೆ. ಹರಿದಿರುವುದು ನರವಲ್ಲ, ಸ್ನಾಯುವನ್ನು ಎಲುಬಿಗೆ ಕಟ್ಟುವ ಬಿಳಿ ಪಟ್ಟಿ. ಹೆಗಲಿನ ಗುಂಡನ್ನು ನಾಲ್ಕು ಸ್ನಾಯುಗಳು ಮುಂದಿನಿಂದ, ಮೇಲಿನಿಂದ, ಹಿಂದಿನಿಂದ ಹಿಡಿದಿರುತ್ತವೆ. ಮೇಲಿನದರ ಹೆಸರು ಸುಪ್ರಾಸ್ಪೈನೇಟಸ್. ಹೆಚ್ಚಾಗಿ ಹರಿಯುವುದು ಅದೇ. ಪೂರ್ತಿ ಹರಿದು 3 ಸೆಂಟಿಮೀಟರ್ ಹಿಂದೆ ಹೋದದ್ದು ಕಟ್ಟು ಕಟ್ಟಿದರೆ ಮರಳಿ ಬಂದು ಎಲುಬಿಗೆ ಅಂಟುವುದಿಲ್ಲ. ತಡ ಮಾಡಿದಷ್ಟೂ ಆ ಸ್ನಾಯು ಸೊರಗಿ ಅದರಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಆಮೇಲೆ ಹೊಲಿದರೂ ಅದಕ್ಕೆ ಎಳೆಯುವ ಶಕ್ತಿ ಬರುವುದು ಕಷ್ಟ.

ರೊಟ್ಟಿಮನೆಯವರೇ, ಅವ್ವನಿಗೆ ಸಕ್ಕರೆ ಕಾಯಿಲೆ ಇದೆಯೇ?

ರೊಟ್ಟಿಮನೆ, ಕಲಬುರಗಿ

ಇದೆ ಅಕ್ಕ. ಎಂಟು ವರ್ಷದಿಂದ ಗುಳಿಗೆ. ಮೂರು ತಿಂಗಳ ಸರಾಸರಿ ಪರೀಕ್ಷೆಯಲ್ಲಿ 9.2 ಬಂದಿದೆ.

ಫಿಸಿಯೋ ಬೀದರ್

ಹಾಗಾದರೆ ಪಿಆರ್‌ಪಿಗಿಂತ ಮೊದಲು ಆ 9.2ರ ಮಾತು ಆಡಬೇಕು. ಈಗ ರೋಗಿಗಳು ಕಾಯುತ್ತಿದ್ದಾರೆ, ಸಂಜೆ ಬರೆಯುತ್ತೇನೆ.

ನಿವೃತ್ತ ಮಾಸ್ತರ, ಸೇಡಂ

ನಾನು ವೈದ್ಯನಲ್ಲ. ಮೂವತ್ತೆರಡು ವರ್ಷ ಜೀವಶಾಸ್ತ್ರ ಕಲಿಸಿದವನು. ನನ್ನ ಹೆಗಲು ಹರಿದಾಗ ಹಟ ಹಿಡಿದು ಓದಿಕೊಂಡೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಭಾಗದಲ್ಲಿ ಬಾವಿ ತೋಡುವುದನ್ನು ನೋಡಿದವರಿಗೆ ಇದು ಸುಲಭ. ಮೇಲೆ ಮೆತ್ತಗಿನ ಎರೆಮಣ್ಣು, ಅದರ ಕೆಳಗೆ ಗರಸು, ಗರಸು ಗಟ್ಟಿಯಾಗುತ್ತಾ ಹೋಗಿ ಕೊನೆಗೆ ಫರಸಿ. ಎರೆ ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸಲು ಆಗುವುದಿಲ್ಲ. ಸ್ನಾಯುರಜ್ಜು ಎಲುಬನ್ನು ಸೇರುವ ಜಾಗವೂ ಹೀಗೆಯೇ. ರಜ್ಜು, ಅದರ ನಂತರ ಮೃದ್ವಸ್ಥಿ ಬೆರೆತ ಪದರ, ಆಮೇಲೆ ಸುಣ್ಣ ಸೇರಿ ಗಟ್ಟಿಯಾದ ಪದರ, ಕೊನೆಗೆ ಎಲುಬು. ಈ ನಾಲ್ಕು ಹಂತಗಳಿರುವುದರಿಂದಲೇ ಎಳೆತದ ಭಾರ ಒಂದೇ ಕಡೆ ಬೀಳುವುದಿಲ್ಲ.

ಸರ್ಜನ್ ಎಷ್ಟೇ ನಿಪುಣನಿದ್ದರೂ ಎಲುಬಿನಲ್ಲಿ ಮೊಳೆಯಂಥ ಆ್ಯಂಕರ್ ಹೂತು ದಾರದಿಂದ ರಜ್ಜನ್ನು ಅದುಮಿ ಕಟ್ಟಬಲ್ಲನೇ ಹೊರತು ನಡುವಿನ ಎರಡು ಪದರಗಳನ್ನು ಮರಳಿ ಮಾಡಲಾರ. ಕೂಡಿಕೊಳ್ಳುವುದು ಗಾಯದ ಕಲೆಯ ಅಂಗಾಂಶದಿಂದ. ಫರಸಿಯ ಮೇಲೆ ಎರೆಮಣ್ಣು ಮೆತ್ತಿದ ಹಾಗೆ. ದೊಡ್ಡ ಮಳೆ ಬಂದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು.

ಪಿಆರ್‌ಪಿ, ಸ್ಟೆಮ್ ಸೆಲ್, ಹೊದಿಕೆ ಎಂದು ಈಗ ಏನೇನು ಮಾರುತ್ತಾರೋ ಅವೆಲ್ಲ ಈ ಗರಸಿನ ಪದರ ಮರಳಿ ಬರಲಿ ಎಂಬ ಆಸೆಯಿಂದ ಹುಟ್ಟಿದವು. ಆಸೆ ಖೋಟಾ ಅಲ್ಲ. 2004ರಲ್ಲಿ ಅಮೆರಿಕದ ಗ್ಯಾಲಟ್ಜ್ ಎಂಬ ಸರ್ಜನ್ ಮತ್ತು ಜೊತೆಗಾರರು ದುರ್ಬೀನಿನಿಂದ ಹೊಲಿದ 18 ದೊಡ್ಡ ಹರಿತಗಳನ್ನು, ಅಂದರೆ ರಜ್ಜು ಹರಿದ ಜಾಗಗಳನ್ನು, ಮತ್ತೆ ಸ್ಕ್ಯಾನ್ ಮಾಡಿ ನೋಡಿದರೆ 17 ಮರಳಿ ಹರಿದಿದ್ದವು. ಈ ಲೆಕ್ಕ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಿದರಿ ಸುತ್ತಿಗೆ, ಬೀದರ್

ಮಾಸ್ತರೇ, ಹೆದರಿಸಬೇಡಿ. ಆ ಹದಿನೇಳರಲ್ಲಿ ನಾನೂ ಒಬ್ಬ ಎಂದುಕೊಳ್ಳಿ. ಬಿದರಿ ಕೆತ್ತನೆಯ ಕೆಲಸ ನನ್ನದು, ದಿನವಿಡೀ ಉಳಿ ಮತ್ತು ಸುತ್ತಿಗೆ. ಎರಡು ವರ್ಷದ ಹಿಂದೆ ಬಲಹೆಗಲು ಹೊಲಿಸಿಕೊಂಡೆ. ಪಿಆರ್‌ಪಿ ಗಿಆರ್‌ಪಿ ಏನೂ ಹಾಕಿಸಲಿಲ್ಲ. ವರ್ಷ ಕಳೆದು ಸ್ಕ್ಯಾನ್ ಮಾಡಿದಾಗ ಸ್ವಲ್ಪ ಭಾಗ ಮತ್ತೆ ಬಿಟ್ಟಿದೆ ಎಂದರು. ಆದರೆ ನೋವು ಹೋಗಿದೆ, ಬೆಳ್ಳಿ ತಂತಿ ಕೂರಿಸುತ್ತಿದ್ದೇನೆ. ತಲೆಯ ಮೇಲಿನ ಅಟ್ಟದಿಂದ ಭಾರದ ಹೂಜಿ ಇಳಿಸಲು ಮಾತ್ರ ಮಗನನ್ನು ಕರೆಯುತ್ತೇನೆ.

ನಿವೃತ್ತ ಮಾಸ್ತರ, ಸೇಡಂ

ಆ ಅಧ್ಯಯನದಲ್ಲೂ ಅದೇ ಬರೆದಿದೆ. ಸ್ಕ್ಯಾನಿನಲ್ಲಿ ಹರಿದಿದ್ದರೂ ಬಹುತೇಕರಿಗೆ ನೋವು ಇಳಿದಿತ್ತು. ಯಾರಾದರೂ 'ನಮ್ಮ ಚಿಕಿತ್ಸೆ ಫಲ ಕೊಟ್ಟಿತು' ಎಂದರೆ ಯಾವ ಫಲ ಎಂದು ಕೇಳಬೇಕಾದದ್ದು ಅದಕ್ಕೇ. ನೋವು ಇಳಿದದ್ದೋ, ರಜ್ಜು ಕೂಡಿದ್ದೋ? ಎರಡೂ ಒಂದೇ ಅಲ್ಲ. ಕೂಡಿಕೊಂಡವರಿಗೆ ಬಲ ಹೆಚ್ಚು ಬರುತ್ತದೆ. ರೊಟ್ಟಿ ಬಡಿಯುವವರಿಗೆ, ಹಮಾಲರಿಗೆ ಆ ಬಲವೇ ಅನ್ನ.

ಈಗ ಪಿಆರ್‌ಪಿ. ಗಂಜಿನವರು ಕಸ ಎಂದರು, ಅಷ್ಟು ಕಸವೇನೂ ಅಲ್ಲ. ಡೆಂಗಿ ಬಂದಾಗ ಮನೆಯವರೆಲ್ಲ ಆಸ್ಪತ್ರೆಯ ಬಾಗಿಲಲ್ಲಿ ನಿಂತು 'ಪ್ಲೇಟ್‌ಲೆಟ್ ಎಷ್ಟು' ಎಂದು ಕೇಳುತ್ತೇವಲ್ಲ, ಅದೇ ಕಣ. ಗಾಯವಾದ ಜಾಗಕ್ಕೆ ಮೊದಲು ಓಡಿ ಬಂದು ರಕ್ತ ಹೆಪ್ಪುಗಟ್ಟಿಸುವುದಷ್ಟೇ ಅದರ ಕೆಲಸವಲ್ಲ. ಹೊಟ್ಟೆಯೊಳಗಿನ ಬೆಳವಣಿಗೆಯ ಅಂಶಗಳನ್ನು ಚೆಲ್ಲಿ ದುರಸ್ತಿ ಮಾಡುವ ಜೀವಕೋಶಗಳನ್ನು ಕರೆಯುತ್ತದೆ. ರಕ್ತವನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕೆಂಪು ಕಣ ತಳಕ್ಕೆ ಕೂರುತ್ತದೆ, ಮೇಲೆ ಹಳದಿ ನೀರು ನಿಲ್ಲುತ್ತದೆ. ಅದರಲ್ಲಿ ಪ್ಲೇಟ್‌ಲೆಟ್ ದಟ್ಟವಾಗಿರುವ ಭಾಗವನ್ನು ಎತ್ತಿಕೊಂಡದ್ದೇ ಪಿಆರ್‌ಪಿ.

ಕೊರಿಯಾದಲ್ಲಿ ಜೋ ಎಂಬ ಸರ್ಜನ್ ತಂಡ ದೊಡ್ಡ ಹರಿತ ಇದ್ದ 48 ಜನರನ್ನು ಎರಡು ಗುಂಪು ಮಾಡಿ 2013ರಲ್ಲಿ ವರದಿ ಕೊಟ್ಟಿತು. ಪಿಆರ್‌ಪಿ ಗುಂಪಿನಲ್ಲಿ ಮರಳಿ ಹರಿದದ್ದು 20 ಶೇಕಡಾ, ಬರೀ ಹೊಲಿಗೆಯವರಲ್ಲಿ 55.6. ಕೇಳಲು ಬಂಗಾರ. ಆದರೆ ಇಟಲಿಯಲ್ಲಿ 2011ರಲ್ಲಿ 88 ಜನರ ಮೇಲೆ, ನ್ಯೂಯಾರ್ಕಿನಲ್ಲಿ 2012ರಲ್ಲಿ 79 ಜನರ ಮೇಲೆ ಪ್ಲೇಟ್‌ಲೆಟ್ಟನ್ನು ಗಟ್ಟಿ ಫೈಬ್ರಿನ್ (ರಕ್ತ ಹೆಪ್ಪುಗಟ್ಟುವಾಗ ಹುಟ್ಟುವ ನಾರು) ಪದರವಾಗಿ ಮಾಡಿ ಹೊಲಿಗೆಯೊಳಗೆ ಇಟ್ಟು ನೋಡಿದರು. ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಎಲ್ಲರೂ ಕರೆಯುವುದು 'ಪ್ಲೇಟ್‌ಲೆಟ್ ಚಿಕಿತ್ಸೆ' ಎಂದೇ. ಒಳಗಿನ ಸರಕು ಬೇರೆ ಬೇರೆ. ಬಿಳಿ ರಕ್ತಕಣ ಸೇರಿದ್ದೋ, ಬಿಟ್ಟದ್ದೋ, ನೀರೋ, ಜೆಲ್ಲೋ, ಎಷ್ಟು ಪಟ್ಟು ದಟ್ಟ. ಈಚಿನ ವರ್ಷಗಳಲ್ಲಿ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದವರು ದ್ರವರೂಪದ ಪಿಆರ್‌ಪಿ ಮರುಹರಿತವನ್ನು ಸ್ವಲ್ಪ ಇಳಿಸುತ್ತದೆ, ಫೈಬ್ರಿನ್ ಪದರ ಇಳಿಸುವುದಿಲ್ಲ ಎಂಬ ಕಡೆಗೆ ವಾಲಿದ್ದಾರೆ.

ತಮ್ಮಾ, ನೀನು ಡಾಕ್ಟರರನ್ನು ಕೇಳಬೇಕಾದ ಒಂದು ಪ್ರಶ್ನೆ ಇದೆ. ದುರ್ಬೀನಿನ ಆಪರೇಷನ್ ನಡೆಯುವಾಗ ಕೀಲಿನೊಳಗೆ ಉಪ್ಪುನೀರು ಹರಿಯುತ್ತಲೇ ಇರುತ್ತದೆ. ಆ ನೀರಿನಲ್ಲೇ ಪಿಆರ್‌ಪಿ ಬಿಟ್ಟರೆ ಅದು ತೊಳೆದು ಹೋಗುವುದಿಲ್ಲವೇ? ನೀರು ಬಸಿದ ಮೇಲೆ ಹಾಕುತ್ತಾರೋ, ರಜ್ಜು ಮತ್ತು ಎಲುಬಿನ ನಡುವೆ ಹಾಕುತ್ತಾರೋ, ಕೇಳು. ಈ ಪ್ರಶ್ನೆಗೆ ಸಿಡುಕಿದರೆ ನಿನಗೆ ಉತ್ತರ ಸಿಕ್ಕಂತೆ.

ಗಂಜ್ ತಕ್ಕಡಿ, ಕಲಬುರಗಿ

ಮಾಸ್ತರೇ, 'ಸ್ವಲ್ಪ ಇಳಿಸುತ್ತದೆ' ಎಂಬುದಕ್ಕೆ ಪೂರ್ತಿ ದುಡ್ಡು. ವ್ಯಾಪಾರದಲ್ಲಿ ನಾವು ಹೀಗೆ ಮಾಡಿದರೆ ಗಿರಾಕಿ ಚಪ್ಪಲಿ ಬಿಚ್ಚುತ್ತಾನೆ. ಇರಲಿ, ಆ ಸ್ಟೆಮ್ ಸೆಲ್ ಬಗ್ಗೆ ಹೇಳಿ. ನಮ್ಮ ಷಡ್ಡಕರಿಗೆ ಮೊಣಕಾಲಿಗೆ ಅದನ್ನೇ ಹೇಳಿದ್ದಾರೆ.

ನಿವೃತ್ತ ಮಾಸ್ತರ, ಸೇಡಂ

ಷಡ್ಡಕರಿಗೆ ಸ್ವಲ್ಪ ತಡೆಯಲು ಹೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಸ್ಟೆಮ್ ಸೆಲ್ ಚಿಕಿತ್ಸೆಗೆ ಒಪ್ಪಿಗೆ ಇರುವುದು ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಿಗೆ ಮಾತ್ರ. ಉಳಿದದ್ದೆಲ್ಲ ಪ್ರಯೋಗ. ಪ್ರಯೋಗ ಎಂದರೆ ನೋಂದಾಯಿಸಿ, ನೈತಿಕ ಸಮಿತಿಯ ಒಪ್ಪಿಗೆ ಪಡೆದು ಮಾಡಬೇಕು. 'ಪ್ಯಾಕೇಜ್' ಎಂದು ಬೆಲೆ ಕಟ್ಟಿ ಮಾರುವ ಸರಕಲ್ಲ.

ಹಾಗೆಂದು ವಿಜ್ಞಾನವೇ ಪೊಳ್ಳು ಎನ್ನುತ್ತಿಲ್ಲ. ಫ್ರಾನ್ಸಿನ ಹರ್ನಿಗೂ ಎಂಬ ಸರ್ಜನ್ ರೋಗಿಯ ಸೊಂಟದ ಎಲುಬಿನಿಂದ ಸ್ಟೆಮ್ ಸೆಲ್ ಇರುವ ಮಜ್ಜೆ ತೆಗೆದು ದಟ್ಟ ಮಾಡಿ ಹೊಲಿಗೆಯ ಜಾಗಕ್ಕೆ ಕೊಟ್ಟು ಹತ್ತು ವರ್ಷ ಕಾದರು. 2014ರಲ್ಲಿ ಬರೆದ ಲೆಕ್ಕ ಹೀಗಿದೆ. ಮಜ್ಜೆ ಕೊಟ್ಟ 45 ಜನರಲ್ಲಿ ಹತ್ತು ವರ್ಷದ ನಂತರವೂ 87 ಶೇಕಡಾ ಕೂಡಿಕೊಂಡೇ ಇತ್ತು, ಕೊಡದ 45 ಜನರಲ್ಲಿ 44 ಶೇಕಡಾ. ಆದರೆ ಅಲ್ಲಿ ಚೀಟಿ ಎತ್ತಿ ಗುಂಪು ಮಾಡಿರಲಿಲ್ಲ. ಒಂದೇ ಕಡೆಯ ಅನುಭವ. ಇದರ ಹೆಸರು ಹೇಳಿ ಕಾಗದ ಹಂಚುವವರು ಆ ಮಾತನ್ನು ಬಿಟ್ಟಿರುತ್ತಾರೆ.

ಮಜ್ಜೆ ಬೇಕೇ ಬೇಕು ಎನ್ನುವವರಿಗೆ ಬೇರೆ ದುಡ್ಡಿಲ್ಲದ ದಾರಿಯೂ ಇದೆ. ರಜ್ಜು ಅಂಟಬೇಕಾದ ಎಲುಬಿನ ಮೇಲೆ ಸರ್ಜನ್ ಸಣ್ಣ ಸಣ್ಣ ತೂತು ಹಾಕುತ್ತಾರೆ. ಒಳಗಿನ ಮಜ್ಜೆ ಒಸರಿ ಹೆಪ್ಪುಗಟ್ಟಿ ಹೊಲಿಗೆಯ ಮೇಲೆ ಹರಡಿಕೊಳ್ಳುತ್ತದೆ. ಸ್ನೈಡರ್ ಎಂಬ ಅಮೆರಿಕದ ಸರ್ಜನ್ ಅದಕ್ಕೆ ಇಟ್ಟ ಹೆಸರನ್ನು ನಮ್ಮ ಮಾತಿನಲ್ಲಿ ಹೇಳಿದರೆ 'ಕೆಂಪು ಕೌದಿ'. ಹೆಸರು ಕೇಳಿ ನನಗೆ ನಮ್ಮ ಅಮ್ಮ ಹೊಲಿದ ಕೌದಿ ನೆನಪಾಯಿತು. ಫಲ ಅಧ್ಯಯನಕ್ಕೊಂದು ತರಹ ಇದೆ, ಆದರೆ ತೂತಿಗೆ ಬೇರೆ ಬಿಲ್ಲಿಲ್ಲ.

ಶಹಾಪುರದ ಸೊಸೆ

ಮಾವನವರಿಗೆ ಹೈದರಾಬಾದಿನಲ್ಲಿ 'ಹೊದಿಕೆ' ಹಾಕೋಣವೇ ಎಂದು ಕೇಳಿದ್ದರು. ಹರಿದ ಜಾಗದ ಮೇಲೆ ತೇಪೆ ಹಾಕಿದ ಹಾಗೆ. ಅದು ಏನು ಎಂದು ಯಾರಿಗಾದರೂ ಗೊತ್ತೇ? ಯಾವುದರಿಂದ ಮಾಡುತ್ತಾರೆ ಎಂದು ಕೇಳಿದರೆ 'ಕೊಲಾಜೆನ್' ಎಂದಷ್ಟೇ ಹೇಳಿ ಮುಂದೆ ಹೋದರು.

ನಿವೃತ್ತ ಮಾಸ್ತರ, ಸೇಡಂ

ತಾಯಿ, ಕೇಳಿದ್ದು ಒಳ್ಳೆಯದಾಯಿತು. ಕೊಲಾಜೆನ್ ಎಂದರೆ ರಜ್ಜು, ಚರ್ಮಗಳಲ್ಲಿ ಇರುವ ನಾರಿನಂಥ ಪ್ರೋಟೀನು. ಹೆಚ್ಚು ಹೆಸರು ಮಾಡಿರುವ ಕೊಲಾಜೆನ್ ಹೊದಿಕೆ ತಯಾರಾಗುವುದು ದನದ ಹಿಮ್ಮಡಿಯ ರಜ್ಜಿನಿಂದ. ಸ್ಪೇನಿನ ತಂಡವೊಂದು ಚೀಟಿ ಎತ್ತಿ ಎರಡು ಗುಂಪು ಮಾಡಿ ನೋಡಿದಾಗ, ಒಂದು ವರ್ಷಕ್ಕೆ ಮರುಹರಿತ ಹೊದಿಕೆಯವರಲ್ಲಿ 8.3 ಶೇಕಡಾ, ಬರೀ ಹೊಲಿಗೆಯವರಲ್ಲಿ 25.8. ಸದ್ಯಕ್ಕೆ ಭರವಸೆ ಹುಟ್ಟಿಸುವ ಲೆಕ್ಕ ಇದೇ. ಇನ್ನು ಕೆಲವು ಹೊದಿಕೆಗಳು ದಾನಿಗಳ ಚರ್ಮದಿಂದ ಮಾಡಿದವು. ಇದನ್ನೆಲ್ಲ ರೋಗಿಗೆ ಮೊದಲೇ ಹೇಳಬೇಕು. ಒಬ್ಬರಿಗೆ ಅಡ್ಡಿಯಿಲ್ಲದಿರಬಹುದು, ಇನ್ನೊಬ್ಬರಿಗೆ ಮೈಯೊಳಗೆ ಇಟ್ಟುಕೊಳ್ಳಲು ಮನಸ್ಸು ಬಾರದಿರಬಹುದು. ಆಪರೇಷನ್ ಮುಗಿದ ಮೇಲೆ ಗೊತ್ತಾಗುವ ಮಾತಲ್ಲ ಅದು.

ಎಲ್ಲ ಹೊದಿಕೆಯೂ ಒಳ್ಳೆಯದಲ್ಲ ಎಂಬುದಕ್ಕೂ ಸಾಕ್ಷಿ ಇದೆ. 2006ರಲ್ಲಿ ಹಂದಿಯ ಕರುಳಿನ ಒಳಪದರ ಹಾಕಿ ನೋಡಿದರು. ಹಾಕಿದ 15 ಜನರಲ್ಲಿ ಕೂಡಿದ್ದು 4, ಹಾಕದ 15ರಲ್ಲಿ 9. ಹೊದಿಕೆ ಹಾಕಿಯೇ ಕೆಟ್ಟಿತು.

ಫಿಸಿಯೋ ಬೀದರ್

ಕೊನೆಯ ರೋಗಿ ಈಗ ಹೋದರು. ಮಾಸ್ತರು ಬರೆದದ್ದೆಲ್ಲ ಓದಿದೆ, ತಕರಾರಿಲ್ಲ. ಆದರೆ ಬೆಳಗಿನಿಂದ ಎಲ್ಲರೂ ಏನು ಸುರಿಯಬೇಕು ಎಂದು ಮಾತಾಡುತ್ತಿದ್ದೀರಿ. ಸುರಿಯುವ ನೆಲ ಹೇಗಿದೆ ಎಂದು ನೋಡಬೇಡವೇ?

ಕೊರಿಯಾದವರದೇ 2015ರ ಇನ್ನೊಂದು ಲೆಕ್ಕ ಇದೆ. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಮರುಹರಿತ 14.4 ಶೇಕಡಾ, ಇದ್ದವರಲ್ಲಿ 35.9. ಹಿಡಿತದಲ್ಲಿ ಇಲ್ಲದವರಲ್ಲಿ ಅದಕ್ಕಿಂತಲೂ ಜಾಸ್ತಿ. ಪಿಆರ್‌ಪಿ ಕೊಡಬಹುದಾದ ಲಾಭವನ್ನೆಲ್ಲ ಸಕ್ಕರೆಯೇ ನುಂಗಿಬಿಡಬಹುದು. ಅವ್ವನ ಡಾಕ್ಟರರ ಹತ್ತಿರ ಮಾತಾಡಿ, ಆಪರೇಷನ್ನಿಗೆ ಮೊದಲು 9.2 ಎಷ್ಟು ಇಳಿಸಬಹುದು ನೋಡಿ. ಹಾಗೆಂದು ಆರು ತಿಂಗಳು ಮುಂದೂಡಬೇಡಿ. ಹರಿದದ್ದು ಕಾಯುವುದಿಲ್ಲ.

ಪಿಆರ್‌ಪಿ ಹಾಕಿಸುವುದೇ ಆದರೆ ಡೈಕ್ಲೋಫೆನಾಕ್ ತರಹದ ನೋವಿನ ಗುಳಿಗೆಯನ್ನು ಎಷ್ಟು ದಿನ ಮೊದಲೇ ಬಿಡಬೇಕು ಎಂದು ಕೇಳಿ. ಆ ಗುಳಿಗೆ ಪ್ಲೇಟ್‌ಲೆಟ್ಟಿನ ಕೆಲಸವನ್ನೇ ತಡೆಯುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಅವ್ವ ತಂಬಾಕು ಬಳಸುತ್ತಾರೆಯೇ?

ರೊಟ್ಟಿಮನೆ, ಕಲಬುರಗಿ

ಇಲ್ಲ ಅಕ್ಕ. ಡಾಕ್ಟರೂ ಬೀಡಿ ಸಿಗರೇಟು ಸೇದುತ್ತೀರಾ ಎಂದು ಕೇಳಿದ್ದರು. ಅವ್ವ ನಾಚಿ ಸೆರಗು ಬಾಯಿಗೆ ಹಿಡಿದು ನಕ್ಕಳು.

ಫಿಸಿಯೋ ಬೀದರ್

ಸೇದುವುದನ್ನು ಕೇಳಲಿಲ್ಲ. ಮಿಶ್ರಿ?

ರೊಟ್ಟಿಮನೆ, ಕಲಬುರಗಿ

…ಹೌದು. ಮುಂಜಾನೆ ಎದ್ದ ಕೂಡಲೇ ಒಮ್ಮೆ, ಊಟ ಆದ ಮೇಲೆ ಒಮ್ಮೆ, ಮಲಗುವಾಗ ಒಮ್ಮೆ. ಒಲೆಯ ಪಕ್ಕದ ಗೂಡಿನಲ್ಲಿ ಸಣ್ಣ ಡಬ್ಬಿ ಇದೆ. ಹಂಚಿನ ಮೇಲೆ ತಂಬಾಕು ಹುರಿದು ತಾನೇ ಪುಡಿ ಮಾಡಿಕೊಳ್ಳುತ್ತಾಳೆ. ಅದು ಹಲ್ಲುಪುಡಿ ಎಂದೇ ನಮ್ಮ ಮನೆಯಲ್ಲಿ ಲೆಕ್ಕ. ಅದೂ ತಂಬಾಕು ಎಂದು ಇವತ್ತಿನವರೆಗೆ ಹೊಳೆದೇ ಇರಲಿಲ್ಲ.

ಫಿಸಿಯೋ ಬೀದರ್

ನಮ್ಮ ಮೂರೂ ಜಿಲ್ಲೆಗಳಲ್ಲಿ ಇದೇ ಕಥೆ. ಕೇಳುವವರು ಸೇದುತ್ತೀರಾ ಎಂದು ಕೇಳುತ್ತಾರೆ, ಹೆಂಗಸರು ಸತ್ಯವನ್ನೇ ಹೇಳುತ್ತಾರೆ. ನಿಕೊಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಇಲಿಗಳ ಹೆಗಲಿನಲ್ಲಿ ರಜ್ಜು ಎಲುಬಿಗೆ ಕೂಡುವುದನ್ನು ನಿಕೊಟಿನ್ ತಡ ಮಾಡುತ್ತದೆ ಎಂದು ತೋರಿಸಿದ್ದಾರೆ. ಸೇದುವ ಮನುಷ್ಯರಲ್ಲೂ ಕೂಡುವಿಕೆ ಕಡಿಮೆ. ಮಿಶ್ರಿಯ ವಿಷಯವನ್ನು ಡಾಕ್ಟರರಿಗೆ ಇವತ್ತೇ ಹೇಳಿ.

ಗಂಜ್ ತಕ್ಕಡಿ, ಕಲಬುರಗಿ

ನಮ್ಮ ಮನೆಯವಳ ಡಬ್ಬಿಯೂ ನೆನಪಾಯಿತು. ಸುಮ್ಮನಾಗುತ್ತೇನೆ.

ಭೀಮಾ ದಂಡೆ, ಯಾದಗಿರಿ

ಆಪರೇಷನ್ ಆದ ಮೇಲೆ ನೋವು ಬಂದರೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿ. ನನ್ನ ಮೊಣಕೈಗೆ ಒಂದೇ ದಿನದಲ್ಲಿ ಆರಾಮ ಆಯಿತು.

ಫಿಸಿಯೋ ಬೀದರ್

ಭೀಮಾ ದಂಡೆಯವರೇ, ದಯವಿಟ್ಟು ಬೇಡ. ಹೆಗಲು ಹೊಲಿದ ಮೊದಲ ತಿಂಗಳಲ್ಲಿ ಸ್ಟೆರಾಯ್ಡ್ ಹಾಕಿದರೆ ಸೋಂಕಿನ ಅಪಾಯ ಹೆಚ್ಚು. ಮೊಣಕೈಯ ಲೆಕ್ಕ ಹೆಗಲಿಗೆ ಹಚ್ಚಬೇಡಿ.

ರೊಟ್ಟಿಮನೆ, ಕಲಬುರಗಿ

ಐದು ತಿಂಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ.

ಸಕ್ಕರೆ ಇಳಿಸಲು ಐದು ವಾರ ಹಿಡಿಯಿತು. ಮಿಶ್ರಿ ಬಿಡಿಸುವುದು ಅದಕ್ಕಿಂತ ಕಷ್ಟವಾಯಿತು. ಮೊದಲ ವಾರ ಅವ್ವ ಯಾರ ಜೊತೆಗೂ ಮಾತಾಡಲಿಲ್ಲ, ತಲೆ ಸಿಡಿಯುತ್ತದೆ ಎಂದು ಮುಸುಕು ಹಾಕಿ ಮಲಗಿದಳು. ತಂಗಿ ಆ ಡಬ್ಬಿಯಲ್ಲಿ ಸೋಂಪು ತುಂಬಿಟ್ಟಳು. ಅವ್ವ ಮೂಸಿ ನೋಡಿ ಬೈದು, ತಿಂದಳು.

ಮಾಸ್ತರ ಪ್ರಶ್ನೆಯನ್ನು ಡಾಕ್ಟರರಿಗೆ ಕೇಳಿದೆ. ಸಿಡುಕಲಿಲ್ಲ. ನೀರು ಬಸಿದ ಮೇಲೆ ಹೊಲಿಗೆಯ ಅಡಿಗೇ ಹಾಕುತ್ತೇನೆ ಎಂದು ಕಾಗದದ ಮೇಲೆ ಬರೆದು ತೋರಿಸಿದರು. 'ಹಾಕದಿದ್ದರೂ ನನ್ನ ಹೊಲಿಗೆ ಅದೇ' ಎಂದೂ ಹೇಳಿದರು. ಆ ಮಾತಿಗೇ ನಂಬಿಕೆ ಬಂತು, ಹಾಕಿಸಿದೆವು. ಕೆಂಪು ಕೌದಿಯ ತೂತನ್ನೂ ಹಾಕಿದ್ದಾರೆ. ಸ್ಟೆಮ್ ಸೆಲ್ ಕಾಗದ ತಂಗಿಯ ಮಗನ ಪುಸ್ತಕಕ್ಕೆ ರಟ್ಟಾಗಿದೆ.

ಆರು ವಾರ ದಿಂಬಿನ ಜೋಳಿಗೆಯಲ್ಲಿ ಕೈ. ಆಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸುವುದು, ಕೋಲು ಹಿಡಿದು ಎತ್ತುವುದು. ಮೊನ್ನೆ ಸ್ಕ್ಯಾನ್ ಆಯಿತು. ಕೂಡಿಕೊಂಡಿದೆ, ಮುಂಭಾಗದಲ್ಲಿ ಮಾತ್ರ ತೆಳುವಾಗಿದೆ ಎಂದಿದ್ದಾರೆ. ಪಿಆರ್‌ಪಿಯಿಂದ ಕೂಡಿತೋ, ಸೋಂಪಿನಿಂದ ಕೂಡಿತೋ ನನ್ನನ್ನು ಕೇಳಬೇಡಿ. ತಲೆ ತಾನೇ ಬಾಚಿಕೊಳ್ಳುತ್ತಿದ್ದಾಳೆ.

ನಿವೃತ್ತ ಮಾಸ್ತರ, ಸೇಡಂ

ತೆಳುವಾಗಿದೆ ಎಂದರೆ ಹರಿದಿದೆ ಎಂದಲ್ಲ. ಒಬ್ಬರ ಹೆಗಲಿನಿಂದ ಯಾವುದು ಫಲ ಕೊಟ್ಟಿತು ಎಂದು ಹೇಳಲಾಗುವುದಿಲ್ಲ, ಸರಿಯಾಗಿ ಬರೆದಿದ್ದೀಯ. ಅವ್ವನಿಗೆ ನನ್ನ ನಮಸ್ಕಾರ ತಿಳಿಸು.

ಫಿಸಿಯೋ ಬೀದರ್

ಬಹಳ ಸಂತೋಷ. ಬಲ ಕೊಡುವ ವ್ಯಾಯಾಮ ನಿಧಾನವಾಗಿ ಏರಿಸಿ. ರೊಟ್ಟಿ ಮಾತ್ರ ಇನ್ನೂ ಬೇಡ. ಹಿಟ್ಟು ನಾದುವಾಗ ಮೈಭಾರವೆಲ್ಲ ಹೆಗಲ ಮೇಲೆ ಬೀಳುತ್ತದೆ.

ರೊಟ್ಟಿಮನೆ, ಕಲಬುರಗಿ

ಅಕ್ಕ, ಅದನ್ನೇ ಹೇಳಬೇಕೆಂದಿದ್ದೆ. ನಿನ್ನೆ ನಾನು ಮನೆಗೆ ಬರುವಷ್ಟರಲ್ಲಿ ಬುಟ್ಟಿಯಲ್ಲಿ ನಾಲ್ಕು ರೊಟ್ಟಿ ಇದ್ದವು.

ಫಿಸಿಯೋ ಬೀದರ್

ಯಾವ ಕೈಯಿಂದ ಬಡಿದರು?

ರೊಟ್ಟಿಮನೆ, ಕಲಬುರಗಿ

ಎಡಗೈಯಿಂದ ಎಂದು ಆಣೆ ಮಾಡುತ್ತಾಳೆ. ಆದರೆ ನಾಲ್ಕೂ ಗುಂಡಗೆ ಇದ್ದವು.